ಇಲಿಮರಿಯ ಕಣ್ಣಿನಿಂದ ಮಲೆನಾಡಿನ ಕಾಲಿಗೆ

ಮಳೆಗಾಲದಲ್ಲಿ ಮಲೆನಾಡಿನ ಅಡ್ಡಗದ್ದೆಯ ಸುತ್ತಿನ ಅಡಿಕೆ ತೋಟಕ್ಕೆ ಇಳಿದವರು ಉಂಬಳಕ್ಕೆ ಒಂದಿಷ್ಟು ರಕ್ತ ಕೊಡದೆ ಮನೆಗೆ ಬರುವುದಿಲ್ಲ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅಂಗಳದಲ್ಲಿ ಕಾಲು ತೊಳೆಯುವಾಗ ಬೆರಳ ಸಂದಿಯಿಂದ ಕೆಂಪು ಎಳೆ ಇಳಿಯುತ್ತಿರುತ್ತದೆ. ಸುಣ್ಣ ಮುಟ್ಟಿಸಿ ಉಂಬಳವನ್ನು ಬೀಳಿಸಿದರೂ ರಕ್ತ ಬೇಗ ನಿಲ್ಲದು. ಅದೇ ಕಾಲಿಗೆ ಕತ್ತಿ ತಾಗಿ ಇದರ ಎರಡರಷ್ಟು ಗಾಯವಾಗಿದ್ದರೂ, ಕಾಫಿಪುಡಿಯನ್ನೋ ಅರಿಶಿನವನ್ನೋ ಒತ್ತಿ ಹಿಡಿದರೆ ಬೇಗ ಕಟ್ಟಿಕೊಳ್ಳುತ್ತದೆ. ಉಂಬಳದ ಜೊಲ್ಲಿನಲ್ಲಿರುವ ಒಂದು ವಸ್ತು, ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವದ ಕೈ ಕಟ್ಟಿಹಾಕುತ್ತದೆ. ಅದಕ್ಕೇ ಹೀಗೆ.

ಹೆಪ್ಪುಗಟ್ಟುವುದೆಂದರೆ ರಕ್ತ ಸೋರುವ ತೂತು ಮುಚ್ಚುವುದು ಎಂದೇ ವೈದ್ಯರೂ ಬಹುಕಾಲ ನಂಬಿದ್ದರು. ಗಾಯ ಮಾಯಲು ಬೇಕಾದ ಮೊದಲ ಆಜ್ಞೆ ಹೊರಡುವುದೂ ಆ ಹೆಪ್ಪಿನಿಂದಲೇ ಎಂದು ತಿಳಿಯಬೇಕಾದರೆ 1974 ಬರಬೇಕಾಯಿತು. ಆ ತಿಳಿವಳಿಕೆಯ ಬೇರು ಇನ್ನೂ ಹಿಂದಕ್ಕೆ, ಗಾಯಕ್ಕೂ ಚರ್ಮಕ್ಕೂ ಸಂಬಂಧವೇ ಇಲ್ಲದ ಒಂದು ಕಡೆಗೆ ಹೋಗುತ್ತದೆ.

ಇಟಲಿಯ ಟ್ಯೂರಿನ್ ನಗರ. ಮುಸೊಲಿನಿಯ ಸರ್ಕಾರ 1938ರಲ್ಲಿ ತಂದ ಜನಾಂಗೀಯ ಕಾನೂನುಗಳಿಂದ ಯಹೂದಿಗಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ಯುವ ಯಹೂದಿ ವೈದ್ಯೆ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಯನ್ನು ಮಸೆದು ಶಸ್ತ್ರ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ನರಗಳು ಹೇಗೆ ಬೆಳೆಯುತ್ತವೆ ಎಂದು ನೋಡತೊಡಗಿದರು. ಬಾಂಬ್ ದಾಳಿ ಜೋರಾಗಿ ಕುಟುಂಬ ಹಳ್ಳಿಗೆ ಓಡಿಹೋದಾಗಲೂ ಕೆಲಸ ನಿಲ್ಲಲಿಲ್ಲ. ಮೊಟ್ಟೆಗಾಗಿ ರೈತರ ಮನೆಮನೆಗೆ ಸೈಕಲ್ ತುಳಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ ಎಂಬ ವಿಜ್ಞಾನಿ ರೀಟಾ ಅವರನ್ನು ಕರೆಸಿಕೊಂಡರು. ಕೆಲವು ತಿಂಗಳ ಮಟ್ಟಿಗೆ ಹೋದವರು ದಶಕಗಳ ಕಾಲ ಅಲ್ಲೇ ಉಳಿದರು.

ಇಲಿಯ ಗೆಡ್ಡೆಯ ತುಣುಕೊಂದನ್ನು ಕೋಳಿಭ್ರೂಣದ ಪಕ್ಕದಲ್ಲಿಟ್ಟರೆ ನರದ ಎಳೆಗಳು ಅದರತ್ತ ಮುನ್ನುಗ್ಗಿ ಬೆಳೆಯುತ್ತಿದ್ದವು. ಗೆಡ್ಡೆ ಏನನ್ನೋ ಸೂಸುತ್ತಿದೆ ಎಂದು ರೀಟಾ ಹೇಳಿದರು. ಆ ಏನೋ ಯಾವುದೆಂದು ಕಂಡುಹಿಡಿಯಲು 1953ರಲ್ಲಿ ಸ್ಟ್ಯಾನ್ಲಿ ಕೊಹೆನ್ ಎಂಬ ಜೀವರಸಾಯನ ವಿಜ್ಞಾನಿ ಜೊತೆಯಾದರು. ಬ್ರೂಕ್ಲಿನ್‌ನ ದರ್ಜಿಯೊಬ್ಬರ ಮಗ, ಚಿಕ್ಕಂದಿನಲ್ಲಿ ಪೋಲಿಯೋ ತಗುಲಿ ಕುಂಟುತ್ತಿದ್ದವರು. ಆ ವಸ್ತು ಪ್ರೋಟೀನೋ ನ್ಯೂಕ್ಲಿಕ್ ಆಮ್ಲವೋ ಎಂದು ತಿಳಿಯಲು ಕೊಹೆನ್ ಅದಕ್ಕೆ ಹಾವಿನ ವಿಷ ಬೆರೆಸಿದರು. ವಿಷದಲ್ಲಿರುವ ಕಿಣ್ವ ನ್ಯೂಕ್ಲಿಕ್ ಆಮ್ಲವನ್ನು ಒಡೆದುಹಾಕುತ್ತದೆ ಎಂಬ ಲೆಕ್ಕಾಚಾರ. ಆದರೆ ವಿಷ ಬಿದ್ದಕೂಡಲೇ ನರ ಇನ್ನಷ್ಟು ಹುಲುಸಾಗಿ ಬೆಳೆಯಿತು! ಗೆಡ್ಡೆಯಲ್ಲಿ ಹುಡುಕುತ್ತಿದ್ದುದು ವಿಷದಲ್ಲಿ ಎಷ್ಟೋ ಪಟ್ಟು ಹೆಚ್ಚಾಗಿ ಇತ್ತು. ಹಾವಿನ ವಿಷದ ಚೀಲವೆಂದರೆ ರೂಪ ಬದಲಿಸಿದ ಜೊಲ್ಲುಗ್ರಂಥಿಯೇ ತಾನೆ? ಹಾಗಾದರೆ ಇಲಿಯ ಜೊಲ್ಲುಗ್ರಂಥಿಯಲ್ಲೂ ಇರಬಹುದು ಎಂದುಕೊಂಡರು. ನೋಡಿದರೆ ಅಲ್ಲೂ ಇತ್ತು.

ಚರ್ಮದ ಸಂಗತಿ ಬರುವುದು ಇಲ್ಲಿಂದ. ಜೊಲ್ಲುಗ್ರಂಥಿಯ ರಸವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ನರದ ಬೆಳವಣಿಗೆಯಿಂದ ವಿವರಿಸಲಾಗದ ಒಂದು ವಿಚಿತ್ರ ಕಂಡಿತು. ಇಲಿಮರಿ ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ. ಚುಚ್ಚುಮದ್ದು ಕೊಟ್ಟ ಮರಿಗಳು ಒಂದೇ ವಾರಕ್ಕೆ ಕಣ್ಣುಬಿಟ್ಟವು, ಹಲ್ಲೂ ಬೇಗ ಮೂಡಿತು. ಇನ್ನೊಬ್ಬರಾಗಿದ್ದರೆ ಅದನ್ನು ಪಕ್ಕಕ್ಕೆ ಸರಿಸಿ ನರದ ಕೆಲಸವನ್ನೇ ಮುಂದುವರಿಸುತ್ತಿದ್ದರೇನೋ. ಕೊಹೆನ್ ಸರಿಸಲಿಲ್ಲ. ರೆಪ್ಪೆ ಬೇಗ ಬಿರಿಯಬೇಕಾದರೆ ಅಲ್ಲಿನ ಮೇಲ್ಚರ್ಮ ಬೇಗ ಬಲಿತಿರಬೇಕು. 1962ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಮೇಲ್ಚರ್ಮವನ್ನು ಬೆಳೆಸುವ ಆ ವಸ್ತುವಿಗೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಎಂದು ಹೆಸರಾಯಿತು, ಚುಟುಕಾಗಿ ಇಜಿಎಫ್. 53 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಅದು. 1986ರಲ್ಲಿ ರೀಟಾ ಮತ್ತು ಕೊಹೆನ್ ಇಬ್ಬರಿಗೂ ನೊಬೆಲ್ ಬಂತು.

ಮನುಷ್ಯರ ಜೊಲ್ಲಿನಲ್ಲೂ ಎದೆಹಾಲಿನಲ್ಲೂ ಇಜಿಎಫ್ ಇದೆ. ಬೆರಳು ಕೊಯ್ದುಕೊಂಡರೆ ತಟ್ಟನೆ ಬಾಯಿಗಿಡುವ ನಮ್ಮ ಅಭ್ಯಾಸಕ್ಕೆ ಇದೇ ಸಮರ್ಥನೆ ಎಂದು ಯಾರೂ ತಿಳಿಯಬಾರದು. ಬಾಯಲ್ಲಿ ಗಾಯವನ್ನು ಕೊಳೆಸುವ ಸೂಕ್ಷ್ಮಾಣುಗಳೂ ಬೇಕಾದಷ್ಟಿವೆ. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಎಂಬ ಮಾತಂತೂ ಪ್ರಾಣಕ್ಕೇ ಎರವಾಗಬಲ್ಲದು. ರೇಬೀಸ್ ಬರಲು ಅಷ್ಟು ಸಾಕು.

ಇನ್ನೊಂದು ಎಳೆ ಅಮೆರಿಕದ ಸಿಯಾಟಲ್‌ನಲ್ಲಿ ಸಿಕ್ಕಿತು. ರಸೆಲ್ ರಾಸ್ ಮತ್ತು ಸಂಗಡಿಗರು ಹುಡುಕುತ್ತಿದ್ದುದು ರಕ್ತನಾಳದ ಗೋಡೆ ಏಕೆ ದಪ್ಪವಾಗುತ್ತದೆ ಎಂಬುದನ್ನು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ, ಹೆಪ್ಪುಗಟ್ಟಿದ ರಕ್ತದಿಂದ ತೆಗೆದ ತಿಳಿ ಹಾಕಿದರೆ ಅವು ಮರಿ ಹಾಕುತ್ತಿದ್ದವು. ಹೆಪ್ಪುಗಟ್ಟುವ ಮೊದಲೇ ಪ್ಲೇಟ್‌ಲೆಟ್ ತೆಗೆದುಹಾಕಿದ ರಕ್ತದ ತಿಳಿ ಹಾಕಿದರೆ ಸುಮ್ಮನಿರುತ್ತಿದ್ದವು. ಎರಡಕ್ಕೂ ಇದ್ದ ವ್ಯತ್ಯಾಸ ಪ್ಲೇಟ್‌ಲೆಟ್ ಒಂದೇ. ಡೆಂಗಿ ಬಂದಾಗ ಎಷ್ಟು ಸಾವಿರಕ್ಕೆ ಇಳಿಯಿತು ಎಂದು ಮನೆಮಂದಿಯೆಲ್ಲ ಲೆಕ್ಕ ಹಾಕುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ಥ್ರಾಂಬಿನ್ ತಾಗಿದಾಗ ಅದು ತನ್ನೊಳಗಿನ ಚೀಲಗಳನ್ನು ಒಡೆದು ಗ್ರೋತ್ ಫ್ಯಾಕ್ಟರ್‌ಗಳನ್ನು ಹೊರಚೆಲ್ಲುತ್ತದೆ. ಸುತ್ತಲಿನ ಕೋಶಗಳು ಆ ಕರೆ ಕೇಳಿ ಗಾಯದತ್ತ ಸರಿದು ಬರುತ್ತವೆ, ಇಮ್ಮಡಿಯಾಗುತ್ತವೆ, ಹೊಸ ರಕ್ತನಾಳ ಕವಲೊಡೆಯುತ್ತದೆ, ತಳದಲ್ಲಿ ಕೆಂಪು ಹರಳುಮಾಂಸ ಏಳುತ್ತದೆ, ಅಂಚಿನಿಂದ ಚರ್ಮ ತೆವಳಿ ಬಂದು ಮುಚ್ಚುತ್ತದೆ. 1974ರಲ್ಲಿ ಪ್ರಕಟವಾದ ಈ ಕೆಲಸದಿಂದ ಪಿಡಿಜಿಎಫ್, ಅಂದರೆ ಪ್ಲೇಟ್‌ಲೆಟ್‌ನಿಂದ ಬರುವ ಗ್ರೋತ್ ಫ್ಯಾಕ್ಟರ್, ಬೆಳಕಿಗೆ ಬಂತು.

ಇಷ್ಟು ಗೊತ್ತಾದ ಮೇಲೆ ಔಷಧ ಮಾಡುವ ಆಸೆ ಹುಟ್ಟದೆ ಇರುತ್ತದೆಯೇ? 1989ರಲ್ಲಿ ಕಸಿಗೆಂದು ಚರ್ಮ ತೆಗೆದ ಜಾಗಕ್ಕೆ ಇಜಿಎಫ್ ಬೆರೆಸಿದ ಮುಲಾಮು ಹಚ್ಚಿ ನೋಡಿದರು. 12 ಜನ ರೋಗಿಗಳು. ಮುಲಾಮು ಕಂಡ ಜಾಗ ಸುಮಾರು ಒಂದೂವರೆ ದಿನ ಬೇಗ ಮಾಯಿತು. ಒಂದೂವರೆ ದಿನ ಎಂದರೆ ಕೇಳಲು ಏನೂ ಅಲ್ಲ. ಆದರೆ ಮೈಯ ಅರ್ಧ ಸುಟ್ಟವರಿಗೆ ಒಂದೇ ಜಾಗದಿಂದ ಮತ್ತೆ ಮತ್ತೆ ಚರ್ಮ ತೆಗೆಯಬೇಕಾಗುತ್ತದೆ, ಆ ಜಾಗ ಮಾಯುವವರೆಗೂ ಕಾಯಬೇಕಾಗುತ್ತದೆ. ಅಂಥಲ್ಲಿ ಒಂದೊಂದು ದಿನಕ್ಕೂ ಬೆಲೆಯಿದೆ. ಪಿಡಿಜಿಎಫ್‌ನ ವಂಶವಾಹಿಯನ್ನು ಯೀಸ್ಟ್‌ಗೆ ಸೇರಿಸಿ, ಅದರಿಂದ ಪ್ರೋಟೀನ್ ಮಾಡಿಸಿಕೊಂಡು ತಯಾರಿಸಿದ ಬೆಕಾಪ್ಲರ್ಮಿನ್ ಎಂಬ ಜೆಲ್‌ಗೆ 1997ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅದು. ಪ್ರಮುಖ ಪ್ರಯೋಗವೊಂದರಲ್ಲಿ ಜೆಲ್ ಹಚ್ಚಿದವರಲ್ಲಿ ಶೇ. 50ರಷ್ಟು ಮಂದಿಗೆ ಹುಣ್ಣು ಪೂರ್ತಿ ಮುಚ್ಚಿತು. ಔಷಧವಿಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಶೇ. 35ರಷ್ಟು. ಜಪಾನ್ ಇನ್ನೊಂದು ಬಗೆಯ ಗ್ರೋತ್ ಫ್ಯಾಕ್ಟರನ್ನು ಸ್ಪ್ರೇ ಮಾಡಿತು. ಕ್ಯೂಬಾ ಇಜಿಎಫ್ ಅನ್ನು ಹುಣ್ಣಿನ ಅಂಚಿಗೇ ಚುಚ್ಚುವ ಹೆಬರ್‌ಪ್ರೋಟ್-ಪಿ ಮದ್ದನ್ನು 2006ರಲ್ಲಿ ಹೊರತಂದಿತು. ನಮ್ಮ ನೆರೆಯ ಹೈದರಾಬಾದಿನ ಭಾರತ್ ಬಯೋಟೆಕ್ ರೀಜೆನ್-ಡಿ ಎಂಬ ಇಜಿಎಫ್ ಜೆಲ್ ಮಾಡಿತು. ಹೀಗೆ ಇಲಿಮರಿಯ ಕಣ್ಣು ತೆರೆಸಿದ ಪ್ರೋಟೀನ್ ಮೆಡಿಕಲ್ ಶಾಪಿನ ಫ್ರಿಜ್ಜಿಗೆ ಬಂತು.

ಫ್ರಿಜ್ಜಿನ ಮಾತು ಬಂದದ್ದರಿಂದ ಹೇಳಬೇಕು. ಈ ಜೆಲ್‌ಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳು ನಮ್ಮವು. ಅಂಗಾಲಿನ ಹುಣ್ಣು ಹೆಚ್ಚಾಗುವುದೂ ಅದೇ ಕಾಲದಲ್ಲಿ. ದಿನವಿಡೀ ನೀರಲ್ಲಿ ನೆನೆದ ಪಾದ, ಬೆರಳ ಸಂದಿಯ ಕೆಸರುಹುಣ್ಣು, ಮುಳ್ಳು, ಕತ್ತಿಯ ಗಾಯ, ಅದರ ಮೇಲೆ ಸಕ್ಕರೆ ಕಾಯಿಲೆ. ಹೊಸ ಔಷಧಗಳ ಚರಿತ್ರೆ ಬರೆಯುವವರು ಕಂಡುಹಿಡಿದ ವರ್ಷ ಬರೆಯುತ್ತಾರೆ, ಒಪ್ಪಿಗೆಯ ವರ್ಷ ಬರೆಯುತ್ತಾರೆ. ಊರಿಗೆ ಬಂದ ವರ್ಷವನ್ನು ಬರೆಯುವುದಿಲ್ಲ.

ಬೆಕಾಪ್ಲರ್ಮಿನ್‌ಗೆ 2008ರಲ್ಲಿ ಒಂದು ಹೊಡೆತ ಬಿತ್ತು. ಮೂರು ಅಥವಾ ಹೆಚ್ಚು ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರಿನಿಂದಾದ ಸಾವು ಹೆಚ್ಚು ಕಂಡಿತೆಂದು, ಔಷಧದ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಜೀವಕೋಶಕ್ಕೆ ಬೆಳೆ ಎನ್ನುವ ವಸ್ತು ಬೆಳೆಯಬಾರದ ಕೋಶಕ್ಕೂ ಹಾಗೆಯೇ ಹೇಳಿದರೆ ಏನು ಗತಿ ಎಂಬ ಭಯ ಮೊದಲಿಂದಲೂ ಇತ್ತು. ಪಿಡಿಜಿಎಫ್‌ಗೂ ಕ್ಯಾನ್ಸರ್ ತರುವ ಒಂದು ವೈರಸ್ ವಂಶವಾಹಿಗೂ ಹೋಲಿಕೆಯಿದೆಯೆಂದು 1983ರಲ್ಲೇ ಗೊತ್ತಾಗಿತ್ತು. ಆಮೇಲೆ ಬಂದ ಅಧ್ಯಯನಗಳಲ್ಲಿ ಆ ಅಪಾಯ ಗಟ್ಟಿಯಾಗಿ ಕಾಣಲಿಲ್ಲವೆಂದು 2018ರಲ್ಲಿ ಆ ಚೌಕಟ್ಟನ್ನು ತೆಗೆದರು. ಆದರೂ ಹುಣ್ಣಿನ ಜಾಗದಲ್ಲಿ ಕ್ಯಾನ್ಸರ್ ಇದ್ದರೆ ಅದನ್ನು ಹಚ್ಚಕೂಡದು. ವರ್ಷಗಟ್ಟಲೆ ಮಾಯದ ಹುಣ್ಣಿನ ಅಂಚು ಗಂಟುಗಟ್ಟಿ ಏಳತೊಡಗಿದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು; ಮುಲಾಮು ಬದಲಿಸುತ್ತ ಕೂರಬಾರದು.

ದುಬಾರಿ ಟ್ಯೂಬಿಗೆ ಒಂದು ಪಕ್ಕದಾರಿ ಮೊದಲೇ ಸಿಕ್ಕಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ನೈಟನ್ ಎಂಬ ಶಸ್ತ್ರವೈದ್ಯರು 1986ರಲ್ಲೇ ರೋಗಿಯ ಸ್ವಂತ ಪ್ಲೇಟ್‌ಲೆಟ್‌ನ ಸಾರವನ್ನು ಅವರದೇ ಹಳೆಯ ಹುಣ್ಣಿಗೆ ಹಚ್ಚಿ ಫಲಿತಾಂಶ ಪ್ರಕಟಿಸಿದ್ದರು. ಅದೇ ದಾರಿ ಕವಲೊಡೆದು ಪಿಆರ್‌ಪಿ (ಪ್ಲೇಟ್‌ಲೆಟ್ ಹೆಚ್ಚಿರುವ ರಕ್ತದ ತಿಳಿ) ಎಂಬ ಹೆಸರಿನಲ್ಲಿ ಕರ್ನಾಟಕದ ಆಸ್ಪತ್ರೆಗಳನ್ನು ಮುಟ್ಟಿತು. ಬೆಂಗಳೂರು ಮೆಡಿಕಲ್ ಕಾಲೇಜಿನ ಚರ್ಮರೋಗ ವೈದ್ಯರು 24 ರೋಗಿಗಳ 33 ಹಳೆಯ ಕಾಲುಹುಣ್ಣುಗಳಿಗೆ ವಾರಕ್ಕೊಮ್ಮೆ ಇದನ್ನು ಮಾಡಿ 2014ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 25 ಪೂರ್ತಿ ಮಾಯಿದವು. ಹೆಚ್ಚಿನವು ಕಾಲಿನ ನೀಲಿ ರಕ್ತನಾಳ ಉಬ್ಬಿ ಆಗುವ ಹುಣ್ಣುಗಳು. ಗದ್ದೆಯಲ್ಲೋ ಅಂಗಡಿಯಲ್ಲೋ ಹೋಟೆಲಿನಲ್ಲೋ ನಿಂತೇ ದುಡಿಯುವವರ ಕಾಯಿಲೆ. ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಸಂಸ್ಥೆಯವರು ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದಗಳ ಹುಣ್ಣಿಗೆ ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಪದರವನ್ನು ಇಟ್ಟು 2017ರಲ್ಲಿ ಬರೆದರು. ಈ ಕೆಲಸಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೆ ಬೆಂಗಳೂರು ಮೆಡಿಕಲ್ ಕಾಲೇಜಿನ ವರದಿಯಲ್ಲಿ ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ. ವಾರವಾರ ತಪ್ಪದೆ ಬಂದು, ಶುಚಿ ಮಾಡಿಸಿಕೊಂಡು, ಹೊಸ ಪಟ್ಟಿ ಕಟ್ಟಿಸಿಕೊಂಡಿದ್ದರಿಂದಲೇ ಎಷ್ಟು ಮಾಯಿತು, ರಕ್ತದ ಸಾರದಿಂದ ಎಷ್ಟು ಎಂದು ಅದರಿಂದ ಬಿಡಿಸಿ ಹೇಳಲಾಗದು.

ಪಿಆರ್‌ಪಿ ಮಾಡುವ ಕ್ರಮ ನೋಡುವುದಕ್ಕೆ ಸರಳ. ಮೊಣಕೈಯಿಂದ 20 ಮಿಲಿಲೀಟರ್‌ನಷ್ಟು ರಕ್ತ ಎಳೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ ಕೊಳವೆಗೆ ತುಂಬಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಮಜ್ಜಿಗೆ ಕಡೆದು ಬೆಣ್ಣೆ ಬೇರೆಯಾಗುವ ಹಾಗೆ ರಕ್ತ ಪದರ ಪದರವಾಗುತ್ತದೆ: ಕೆಳಗೆ ಕೆಂಪು, ಮೇಲೆ ಹೊಂಬಣ್ಣದ ತಿಳಿ, ನಡುವೆ ತೆಳ್ಳನೆಯ ಬಿಳಿಗೆರೆ. ಮೇಲಿನ ತಿಳಿ ಮತ್ತು ಗೆರೆಯನ್ನಷ್ಟೇ ತೆಗೆದು ಇನ್ನೊಮ್ಮೆ ತಿರುಗಿಸಿದರೆ ಪ್ಲೇಟ್‌ಲೆಟ್‌ಗಳು ತಳದಲ್ಲಿ ಒತ್ತಾಗಿ ಕೂರುತ್ತವೆ. ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್‌ನ ಹನಿ ಬಿದ್ದೊಡನೆ ತಿಳಿ ಮಂದವಾಗಿ ಲೋಳೆಯಾಗುತ್ತದೆ. ಸತ್ತ ಮಾಂಸವನ್ನು ಕೆರೆದು ತೆಗೆದ ಹುಣ್ಣಿನ ಮೇಲೆ ಅದನ್ನು ಹರಡಿ, ಅಂಟದ ಗಾಜ್ ಇಟ್ಟು ಕಟ್ಟುತ್ತಾರೆ. ಮುಂದಿನ ವಾರ ಬಿಚ್ಚಿದಾಗ, ಸರಿಯಾಗಿದ್ದರೆ, ಬೂದುಬಣ್ಣದ ತಳ ಕೆಂಪಾಗಿರುತ್ತದೆ. ಒಂದು ಸೆಂಟ್ರಿಫ್ಯೂಜ್, ರಕ್ತ ತೆಗೆಯಬಲ್ಲ ಒಂದು ಕೈ, ಕೆರೆಯಬಲ್ಲ ಇನ್ನೊಂದು ಕೈ. ಯೀಸ್ಟೂ ಬೇಡ, ತಂಪು ಪೆಟ್ಟಿಗೆಯಲ್ಲಿ ಹೈದರಾಬಾದಿನಿಂದ ತರಿಸುವುದೂ ಬೇಡ.

ಕೆರೆದು ತೆಗೆಯುವುದು ಎಂದೆನಲ್ಲ, ಇಡೀ ವಿಷಯದ ನಡುಗಂಬ ಅದು. ಹಳೆಯ ಹುಣ್ಣಿನಲ್ಲಿ ಸತ್ತ ಮಾಂಸವೂ ಸೂಕ್ಷ್ಮಾಣುಗಳ ಲೋಳೆಪದರವೂ ಇರುವಷ್ಟು ಕಾಲ ಉರಿಯೂತ ಆರುವುದಿಲ್ಲ. ಅಲ್ಲಿ ಪ್ರೋಟೀನನ್ನು ಕಡಿಯುವ ಕಿಣ್ವಗಳು ತುಂಬಿರುತ್ತವೆ. ಗ್ರೋತ್ ಫ್ಯಾಕ್ಟರ್ ಕೂಡ ಪ್ರೋಟೀನೇ. ಎಷ್ಟು ಹಚ್ಚಿದರೂ ಕಡಿದುಹೋಗುತ್ತದೆ. ಬೆಕಾಪ್ಲರ್ಮಿನ್ ಪ್ರಯೋಗವೊಂದರ ಅಂಕಿಅಂಶವನ್ನೇ 1996ರಲ್ಲಿ ಮತ್ತೆ ತಿರುವಿ ನೋಡಿದಾಗ ಕಂಡದ್ದು, ಯಾವ ಕೇಂದ್ರದಲ್ಲಿ ವೈದ್ಯರು ಹೆಚ್ಚು ಬಾರಿ ಕೆರೆದು ಶುಚಿ ಮಾಡಿದ್ದರೋ ಅಲ್ಲಿ ಹುಣ್ಣು ಹೆಚ್ಚು ಮಾಯಿತ್ತು, ಔಷಧವಿಲ್ಲದ ಜೆಲ್ ಹಚ್ಚಿದವರಲ್ಲೂ ಕೂಡ. ಸುಶ್ರುತ ಸಂಹಿತೆ ವ್ರಣಕ್ಕೆ 60 ಉಪಕ್ರಮಗಳನ್ನು ಹೇಳುವಾಗ ಮೊದಲು ಶೋಧನ (ಶುಚಿ ಮಾಡುವುದು), ಆಮೇಲೆ ರೋಪಣ (ಮಾಯಿಸುವುದು) ಎಂಬ ಕ್ರಮ ಇಟ್ಟಿತು. ಕೊಪ್ಪದ ಆಯುರ್ವೇದ ಮೆಡಿಕಲ್ ಕಾಲೇಜಿನಲ್ಲಿ ಶಲ್ಯತಂತ್ರ ಓದುವ ಮಕ್ಕಳಿಗೆ ಇದು ಮೊದಲ ಪಾಠಗಳಲ್ಲೊಂದು. ಮುಲಾಮಿನ ಹೆಸರು ಕಾಲಕಾಲಕ್ಕೆ ಬದಲಾಗಿದೆ, ಶುಚಿ ಮೊದಲು ಎಂಬ ಕ್ರಮ ಬದಲಾಗಿಲ್ಲ.

ಇನ್ನೊಬ್ಬರನ್ನು ಈ ಚರಿತ್ರೆಯಲ್ಲಿ ಬಿಡಲಾಗದು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಅದು ಮಾಯುವುದಿಲ್ಲ ಎಂಬ ನಂಬಿಕೆ ಆಗ ಎಲ್ಲೆಡೆ ಇತ್ತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠಾಶ್ರಮ ತೆರೆದಾಗಲೂ ಆಶ್ರಯ, ಊಟ, ಆರೈಕೆಗಿಂತ ಹೆಚ್ಚಿನದನ್ನು ಕೊಡುವ ವಿದ್ಯೆ ಲೋಕದಲ್ಲಿ ಯಾರ ಬಳಿಯೂ ಇರಲಿಲ್ಲ. ಬ್ರ್ಯಾಂಡ್ ತೋರಿಸಿಕೊಟ್ಟರು: ಮಾಂಸ ಚೆನ್ನಾಗಿಯೇ ಇದೆ, ನೋವು ತಿಳಿಯದಿರುವುದೇ ಕೇಡು. ಕಲ್ಲು ಚುಚ್ಚಿದರೂ ಕಾಲು ಎತ್ತದೆ ಅದರ ಮೇಲೇ ನಡೆಯುತ್ತಾರೆ. ಪ್ಲಾಸ್ಟರ್ ಹಾಕಿ ಹುಣ್ಣಿನ ಮೇಲಿನ ಭಾರ ತಪ್ಪಿಸಿದರೆ ವಾರಗಳಲ್ಲಿ ಮುಚ್ಚುತ್ತದೆ. ಮೃದುವಾದ ರಬ್ಬರಿನ ಚಪ್ಪಲಿ ಹಾಕಿದರೆ ಮತ್ತೆ ಆಗುವುದು ಕಡಿಮೆ. ಅವರು ಮುಂದೆ ಅಮೆರಿಕದ ಕಾರ್‌ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಇದೇ ಪ್ಲಾಸ್ಟರ್ ಸಕ್ಕರೆ ಕಾಯಿಲೆಯವರ ಪಾದಕ್ಕೂ ಬಂತು. ಒಂದು ಹನಿ ಗ್ರೋತ್ ಫ್ಯಾಕ್ಟರ್ ಕೂಡ ಹೊರಗಿಂದ ಹಚ್ಚದೆ ಮಾಯಿದ ಹುಣ್ಣುಗಳು ಅವು. ಭಾರ ತಪ್ಪಿದ ಕೂಡಲೇ ದೇಹ ತನ್ನದನ್ನು ತಾನೇ ಸುರಿಸಿತು.

ನಮ್ಮ ಬೇಲಿಯ ಮೇಲೆಲ್ಲ ಹಬ್ಬಿರುವ ಕಮ್ಯುನಿಸ್ಟ್ ಗಿಡದ ಬಗ್ಗೆಯೂ ಒಂದು ಮಾತು. ಹುಲ್ಲು ಕೊಯ್ಯುವಾಗ ಕತ್ತಿ ತಾಗಿದರೆ ಅದರ ಸೊಪ್ಪು ತಿಕ್ಕಿ ರಸ ಹಿಂಡುವುದು ರೂಢಿ. ವಿಯೆಟ್ನಾಂನಲ್ಲಿ ಇದೇ ಗಿಡದ ಎಲೆಯಿಂದ ಯೂಪೋಲಿನ್ ಎಂಬ ಸುಟ್ಟಗಾಯದ ಔಷಧ ಮಾಡಿದ್ದಾರೆ. ಅದರ ಸಾರ ಚರ್ಮದ ಕೋಶಗಳ ಬೆಳವಣಿಗೆಗೆ ಒತ್ತು ಕೊಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ತಾಜಾ ಕೊಯ್ತಕ್ಕೆ ಹಿಂಡುವುದು ಬೇರೆ, ಸಕ್ಕರೆ ಕಾಯಿಲೆಯವರ ಆಳದ ಹುಣ್ಣಿಗೆ ತೊಳೆಯದ ಸೊಪ್ಪು ತುಂಬುವುದು ಬೇರೆ. ಎರಡನೆಯದರಿಂದ ಕಾಲು ಕಳೆದುಕೊಂಡಾರು.

ರಕ್ತವೇ ಹರಿಯದ ಕಾಲಿಗೆ ಏನು ಹಚ್ಚಿದರೂ ಅಷ್ಟೇ. ಬೀಡಿ ಸಿಗರೇಟು ಸೇದುವವರಿಗೆ ಬರುವ ಬರ್ಜರ್ ಕಾಯಿಲೆಯಲ್ಲಿ ಕಾಲಿನ ರಕ್ತನಾಳ ಮುಚ್ಚಿ ಬೆರಳು ಕಪ್ಪಾಗುತ್ತದೆ. ಮಣಿಪಾಲ ಸಮೂಹದವರು 2006ರಲ್ಲಿ ಕಟ್ಟಿದ, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯ ಕಾಂಡಕೋಶಗಳಿಂದ ಸ್ಟೆಂಪ್ಯೂಸೆಲ್ ಎಂಬ ಚಿಕಿತ್ಸೆ ಸಿದ್ಧಪಡಿಸಿತು. 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಬರ್ಜರ್ ಕಾಯಿಲೆಯವರಿಗೆ ಅದನ್ನು ಕೊಡಲು ಸೀಮಿತ ಒಪ್ಪಿಗೆ ಕೊಟ್ಟರು. ಮೀನಖಂಡದ ಸ್ನಾಯುವಿಗೆ ಚುಚ್ಚಿದ ಆ ಕೋಶಗಳು ರಕ್ತನಾಳ ಚಿಗುರಿಸುವ ಗ್ರೋತ್ ಫ್ಯಾಕ್ಟರ್‌ಗಳನ್ನು ಸೂಸುತ್ತವೆ. ಟ್ಯೂಬಿನಿಂದ ಹಚ್ಚುವ ಬದಲು, ಸೂಸುವ ಕೋಶವನ್ನೇ ಒಳಗಿಡುವ ಉಪಾಯ ಅದು. ಕನ್ನಡ ನೆಲದಲ್ಲಿ ಹುಟ್ಟಿದ ಈ ಕೆಲಸ ಕನ್ನಡದಲ್ಲಿ ಹೆಚ್ಚು ಸುದ್ದಿಯಾಗದೇ ಹೋದದ್ದು ನನಗೆ ಬೇಸರದ ಸಂಗತಿ.

28 ಪ್ರಯೋಗಗಳನ್ನೂ 2365 ರೋಗಿಗಳನ್ನೂ ಒಟ್ಟು ಸೇರಿಸಿ ನೋಡಿದ 2015ರ ಕಾಕ್ರೇನ್ ವಿಮರ್ಶೆ, ಗ್ರೋತ್ ಫ್ಯಾಕ್ಟರ್‌ಗಳಿಂದ ಸಕ್ಕರೆ ಕಾಯಿಲೆಯ ಪಾದದ ಹುಣ್ಣು ಮಾಯುವ ಸಂಭವ ಹೆಚ್ಚಬಹುದು ಎಂದಿತು. ಪುರಾವೆಯ ಗುಣಮಟ್ಟ ಮಾತ್ರ ಕಡಿಮೆ ಎಂದೂ ಹೇಳಿತು. ಗ್ರೋತ್ ಫ್ಯಾಕ್ಟರ್ ಸಹಾಯ ಮಾಡಬಲ್ಲದು, ಒಂಟಿಯಾಗಿ ಏನೂ ಮಾಡದು. ಅದರ ಮೊದಲು ಸಕ್ಕರೆ ಹತೋಟಿಗೆ ಬರಬೇಕು, ರಕ್ತದ ಹರಿವು ನೋಡಬೇಕು, ಸೋಂಕು ಇಳಿಯಬೇಕು, ಸತ್ತದ್ದನ್ನು ತೆಗೆಯಬೇಕು, ಭಾರ ತಪ್ಪಿಸಬೇಕು. ಇದಾವುದೂ ಒಂದು ದಿನದ ಕೆಲಸವಲ್ಲ, ವಾರವಾರದ ಕೆಲಸ.

ಅಡ್ಡಗದ್ದೆಯವರಿಗೆ ಕಷ್ಟವಾಗುವುದು ಆ ವಾರವಾರ. ಕಾಲಿಗೆ ಪಟ್ಟಿ ಕಟ್ಟಿಕೊಂಡ ಅಡಿಕೆ ಕೊನೆಗಾರ ಬಸ್ಸಿಗೆ ಕಾದು ಕೊಪ್ಪಕ್ಕೋ ಶೃಂಗೇರಿಗೋ ಹೋಗಬೇಕು. ಅಲ್ಲಿಂದ ದೊಡ್ಡ ಆಸ್ಪತ್ರೆಗೆಂದರೆ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ಹೋದ ದಿನದ ಕೂಲಿ ಹೋಯಿತು, ಜೊತೆಗೆ ಬಂದ ಮನೆಯವರ ಕೂಲಿಯೂ ಹೋಯಿತು. ಎರಡು ವಾರ ಹೋಗಿ, ಮೂರನೆಯ ವಾರ ನೋವಿಲ್ಲವಲ್ಲ ಎಂದು ಬಿಟ್ಟುಬಿಡುತ್ತಾರೆ. ಸ್ಪರ್ಶ ಕಳೆದ ಪಾದದಲ್ಲಿ ನೋವಿಲ್ಲದಿರುವುದು ಒಳ್ಳೆಯ ಸುದ್ದಿಯಲ್ಲ ಎಂದು ಅವರಿಗೆ ಕೂತು ಹೇಳಿದವರು ಕಡಿಮೆ. ಶೃಂಗೇರಿಯ ಜನ 100 ಹಾಸಿಗೆಯ ಆಸ್ಪತ್ರೆಗಾಗಿ ದನಿಯೆತ್ತಿದ್ದನ್ನು ಎಲ್ಲರೂ ಬಲ್ಲರು. ಅಂಥ ಆಸ್ಪತ್ರೆಯಲ್ಲಿ ಹುಣ್ಣಿಗೆಂದೇ ವಾರಕ್ಕೊಂದು ದಿನ ಮೀಸಲಿಟ್ಟರೆ ಬೇಕಾಗುವ ಸಾಮಾನು ಕಡಿಮೆ: ಶಸ್ತ್ರ, ಪ್ಲಾಸ್ಟರ್, ಗಾಜ್, ರಕ್ತಪರೀಕ್ಷೆಯ ಕೋಣೆಯಲ್ಲಿ ಹೇಗೂ ಇರುವ ಸೆಂಟ್ರಿಫ್ಯೂಜ್, ಮತ್ತು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ಕಣ್ಣು ಮುಚ್ಚಿಸಿ ಆ ಎಳೆಯನ್ನು ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಬಾಗುವಷ್ಟು ಒತ್ತಿ, ಮುಟ್ಟಿದ್ದು ಗೊತ್ತಾಯಿತೇ ಎಂದು ಕೇಳುತ್ತಾರೆ. ಗೊತ್ತಾಗಲಿಲ್ಲ ಎಂದವರ ಹೆಸರು ಬರೆದಿಟ್ಟುಕೊಂಡು, ಹುಣ್ಣಾಗುವ ಮೊದಲೇ ಮೆತ್ತನೆಯ ಚಪ್ಪಲಿ ಕೊಡಿಸಬಹುದು.